ಸಹಾಯ ಬೇಕು: ಲೇಕ್ ಐಸ್ ಮೇಲೆ ಮಕ್ಕಳನ್ನು ಬಿಡಬಹುದಾ?

ನಮಸ್ಕಾರ. ನಾವಿರುವುದು ಮಿನ್ನೆಸೋಟಾದ ಬೆಮಿಜಿಯಲ್ಲಿ, ಇಲ್ಲಿ ಇದು ನಮ್ಮ ಮೊದಲ ಚಳಿಗಾಲ. ಮಕ್ಕಳಿಗೆ ಸ್ಲೆಡ್ಡಿಂಗ್, ಸ್ಕೇಟಿಂಗ್ ಎಲ್ಲಾ ಬೇಜಾರಾಗಿ, ಈಗ ಲೇಕ್ ಮೇಲೆ ಕೂತು ಮೀನು ಹಿಡಿಯುವ ಹುಚ್ಚು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ ಓದಿದೆ. ನಡೆಯೋಕೆ ಕನಿಷ್ಠ 4 ಇಂಚು ಗಟ್ಟಿಯಾದ ತಿಳಿ ಐಸ್ ಬೇಕು, ಬಿಳಿ ಐಸ್ ಆದರೆ ಅದರ ದುಪ್ಪಟ್ಟು. ಪಕ್ಕದ ಮನೆಯವರು ದಡದ ಹತ್ತಿರ ಕೊರೆದು ತೋರಿಸಿದರು. ಮೇಲೆ 3 ಇಂಚು ಬಿಳಿ, ಕೆಳಗೆ 3 ಇಂಚು ತಿಳಿ. ಧೈರ್ಯವಾಗಿ ಹೋಗಿ ಅಂತಾರೆ. ಜನವರಿಯಲ್ಲಿ ಪಿಕಪ್ಪನ್ನೇ ಲೇಕ್ ಮೇಲೆ ಓಡಿಸೋ ಜನ, ಅವರ ಮಾತು ಬಿಡಿ!

ಬಿಳಿಯದನ್ನು ಅರ್ಧ ಲೆಕ್ಕ ಹಿಡಿದರೆ ನಾಲ್ಕೂವರೆ ಇಂಚು ಆಗುತ್ತೆ. ಎರಡು ಪದರ ಇದ್ದಾಗ ಹೀಗೆ ಕೂಡಿಸಬಹುದಾ, ಇಲ್ಲಾ ತಿಳಿ ಐಸೇ 4 ಇಂಚು ಆಗೋವರೆಗೆ ಕಾಯಬೇಕಾ? ಐಸ್ ಮೇಲೆ ಮಕ್ಕಳ ಜೊತೆ ಹೋಗಿ ಅನುಭವ ಇರುವವರು ದಯವಿಟ್ಟು ಹೇಳಿ.