ಅಪ್‌ಡೇಟ್: ಸಖಿ ಕೇಂದ್ರದ ಕೆಲಸ ಮತ್ತು ಚೀವ್ನಿಂಗ್ ಅರ್ಜಿ

ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದಲ್ಲಿ ಗುತ್ತಿಗೆ ಆಧಾರದ ಆಪ್ತಸಮಾಲೋಚಕಿಯಾದ ನಾನು, ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಓದಿಗೆ ಸಿಗುವ ಚೀವ್ನಿಂಗ್ ವಿದ್ಯಾರ್ಥಿವೇತನ ಕೇಳುವ 2,800 ಗಂಟೆಗಳ ಅನುಭವಕ್ಕೆ ಬಿಡಿಬಿಡಿಯಾದ ಕೆಲಸವೂ ಸಲ್ಲುತ್ತದೆಯೇ ಎಂದು ಕೇಳಿದ್ದೆ. ಅರೆಕಾಲಿಕ ದುಡಿಮೆ, ಸ್ವಯಂಸೇವೆ, ಇಂಟರ್ನ್‌ಶಿಪ್ ಎಲ್ಲವನ್ನೂ ಕೂಡಿಸಬಹುದೆಂದು ನೀವು ತಿಳಿಸಿದ ಮೇಲೆ ಹಳೆಯ ಹಾಜರಾತಿ ಪುಸ್ತಕಗಳನ್ನು ಹರವಿಕೊಂಡು ಲೆಕ್ಕ ಹಾಕಿ, ಅರ್ಜಿ ಸಲ್ಲಿಸಿದ್ದೇನೆ.

ಅರ್ಜಿಯಲ್ಲಿ ಕೊಡಬೇಕಾದ ಮೂರು ಕೋರ್ಸ್‌ಗಳನ್ನು ಆರಿಸುವುದು ಸುಲಭವಾಗಿತ್ತು. ಪ್ರಬಂಧ ಬರೆಯುವುದೇ ಕಷ್ಟವಾಯಿತು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣವೊಂದರಲ್ಲಿ ಹೇಳಿಕೆ ಪಡೆಯಲು ಸಮವಸ್ತ್ರವಿಲ್ಲದೆ ಬಂದಿದ್ದ ಮಹಿಳಾ ಅಧಿಕಾರಿಯ ಎದುರು ನೀಲಿ ಕ್ರೇಯಾನ್ ಹಿಡಿದು ಮಾತಿಲ್ಲದೆ ಕುಳಿತಿದ್ದ ಮಗುವಿನ ಕುರಿತು ಬರೆದು, ಗುರುತು ಸಿಕ್ಕೀತೆಂದು ಅಳಿಸಿ, ಆ ಹೊತ್ತಿನಲ್ಲಿ ನನಗೆ ತಿಳಿಯದೇ ಹೋದದ್ದನ್ನಷ್ಟೇ ಉಳಿಸಿಕೊಂಡೆ. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತು ನನಗೆ ಹೊರೆಯಲ್ಲ, ನಾನು ಮರಳಬೇಕಾದದ್ದು ಸಖಿ ಕೇಂದ್ರದ ಇದೇ ಕೋಣೆಗೆ. ಸಂದರ್ಶನದ ಕರೆಗಾಗಿ ಕಾಯುತ್ತಿದ್ದೇನೆ.