ಡಿಗ್ರಿ ಕೈಗೆ ಬರೋಕೆ ಏನೇನು ಪಾಸಾಗಬೇಕು? ಹಾಸನ, ಚಿಕ್ಕಮಗಳೂರು ಕಡೆಯವರು ನಿಮ್ಮ ಅನುಭವ ಹೇಳಿ

ಮೂಡಿಗೆರೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಬಿಎ ಓದುತ್ತಿದ್ದೇನೆ, ಇತಿಹಾಸ ಮತ್ತು ಅರ್ಥಶಾಸ್ತ್ರ. 2023ರಲ್ಲಿ ಸೇರಿದ್ದು, ಅಂದರೆ ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿಯ) ಕೊನೇ ಬ್ಯಾಚ್. ಈಗ ಐದನೇ ಸೆಮ್. ಮೇಜರ್, ಅಂದರೆ ಮುಖ್ಯ ವಿಷಯಗಳ ಪೇಪರ್ ಒಂದೂ ಬಾಕಿ ಇಲ್ಲ. ಮೊನ್ನೆ ಸ್ಕಾಲರ್‌ಶಿಪ್ ಕೆಲಸಕ್ಕೆ ಆಫೀಸಿಗೆ ಹೋದಾಗ ಹೇಳಿದರು, ಎರಡನೇ ಸೆಮ್‌ನಲ್ಲಿ ನಾನು ತಗೊಂಡ ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಪೇಪರ್) ಅರ್ಥಶಾಸ್ತ್ರ ವಿಭಾಗದ್ದು, ಅದು ನನ್ನ ಮೇಜರ್, ಹಾಗಾಗಿ ಲೆಕ್ಕಕ್ಕೆ ಬರೋದಿಲ್ಲ ಅಂತ. ಆವತ್ತು ಕ್ಲಾಸಿನಲ್ಲಿ ಎಲ್ಲರಿಗೂ ಒಟ್ಟಿಗೆ ಅದನ್ನೇ ಬರೆಸಿದ್ದರು, ಪಾಸೂ ಆಗಿದ್ದೇನೆ. ಈಗ ಡಿಗ್ರಿಗೆ ಬೇಕಾದ ಕ್ರೆಡಿಟ್ಟಿನಲ್ಲಿ (ಪೇಪರ್ ಪಾಸಾದರೆ ಸಿಗುವ ಲೆಕ್ಕ) ಮೂರು ಕಡಿಮೆ. ಏನು ಮಾಡಬೇಕು? ಇನ್ನೊಂದು, ಮೂರು ವರ್ಷಕ್ಕೆ ನಿಲ್ಲಿಸೋದಾ, ನಾಲ್ಕನೇ ವರ್ಷ ಆನರ್ಸ್ ಮಾಡೋದಾ? ಮನೆಯಲ್ಲಿ ಕೇಳೋಣ ಅಂದರೆ ಡಿಗ್ರಿ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ.

ಆಲೂರು ಮೆಕ್ಯಾನಿಕಲ್:
ತಂಗಿ, ನಿನ್ನದು ಮೂರು ಕ್ರೆಡಿಟ್. ನನ್ನನ್ನು ತಡೆದದ್ದು ಸೊನ್ನೆ ಕ್ರೆಡಿಟ್ ಪೇಪರ್. ಡಿಪ್ಲೊಮಾ ಮುಗಿಸಿ 2019ರಲ್ಲಿ ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷದ ಬಿಇಗೆ ಸೇರಿದೆ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮ್, ಅಂದರೆ ಯಾವ್ಯಾವ ಪೇಪರ್ ಇವೆ ಅನ್ನುವ ಪಟ್ಟಿ. ಡಿಪ್ಲೊಮಾದಿಂದ ಬಂದವರಿಗೆ ಮೂರು ಮತ್ತು ನಾಲ್ಕನೇ ಸೆಮ್‌ನಲ್ಲಿ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಅಂತ ಬೇರೆ ಪೇಪರ್ ಇತ್ತು. ಕ್ರೆಡಿಟ್ ಇರಲಿಲ್ಲ, ಎಸ್‌ಜಿಪಿಎಗೆ (ಸೆಮ್‌ನ ಸರಾಸರಿ ಅಂಕಕ್ಕೆ) ಸೇರುತ್ತಿರಲಿಲ್ಲ. ಸೀನಿಯರ್‌ಗಳು "ಬಿಡೋ ಮಗಾ, ಅದು ಲೆಕ್ಕಕ್ಕಿಲ್ಲ" ಅಂದರು. ನಂಬಿ ಬಿಟ್ಟೆ. ಆದರೆ ಅದು ಪಾಸಾಗದೆ ಡಿಗ್ರಿ ಕೊಡುತ್ತಿರಲಿಲ್ಲ. ಇದು ಸ್ಕೀಮ್ ಪುಸ್ತಕದಲ್ಲಿ ಟೇಬಲ್ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು, ಮೂರು ವರ್ಷ ನಾನು ಆ ಟೇಬಲ್ ನೋಡಿದ್ದೇನೆ, ಕೆಳಗಿನ ಸಾಲು ನೋಡಿರಲಿಲ್ಲ.

2022ರಲ್ಲಿ ಬಿಡದಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ತಿಂಗಳಿಗೆ 18,000. ಪ್ರೊವಿಷನಲ್ ಸರ್ಟಿಫಿಕೇಟ್ ತನ್ನಿ ಅಂದರು. ತರಲಿಕ್ಕೆ ಹೋದರೆ ಎರಡನೇ ಮ್ಯಾಥ್ಸ್ ಬಾಕಿ. ಅದರ ಜತೆಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ಆಕ್ಟಿವಿಟಿ ಪಾಯಿಂಟ್, ಅಂದರೆ ಸಮಾಜಸೇವೆಯಂಥ ಕೆಲಸಕ್ಕೆ ಸಿಗುವ ಅಂಕ ಬೇರೆ. ನಾಲ್ಕು ವರ್ಷ ಓದುವವರಿಗೆ 100, ನಮಗೆ 75 ಬೇಕಿತ್ತು. ನನ್ನದು 55 ಇತ್ತು. ನಮ್ಮೂರ ಶಾಲೆ ಕಾಂಪೌಂಡಿಗೆ ಸುಣ್ಣ ಬಳಿದದ್ದು, ಕೆರೆ ಏರಿ ಮೇಲೆ ಗಿಡ ನೆಟ್ಟದ್ದು, ಎಲ್ಲಾ ನೋಟ್‌ಬುಕ್ಕಿನಲ್ಲಿ ಬರೆದು ಹೆಡ್‌ಮೇಷ್ಟ್ರ ಸಹಿ ಹಾಕಿಸಿಟ್ಟಿದ್ದೆ. ಆ ಪುಸ್ತಕ ಬೈಕಿನ ಬ್ಯಾಗಿನಲ್ಲಿ ಮಳೆಗೆ ನೆನೆದು ಸಹಿಯೆಲ್ಲ ನೀಲಿ ನೀರಾಗಿತ್ತು. ಮತ್ತೆ ಸಹಿ ಹಾಕಿಸೋಣ ಅಂದರೆ ಹೆಡ್‌ಮೇಷ್ಟ್ರು ವರ್ಗವಾಗಿ ಅರಕಲಗೂಡಿಗೆ ಹೋಗಿದ್ದರು. ಎರಡು ಸಲ ಅರಕಲಗೂಡು, ಬೈಕಿಗೆ ಪೆಟ್ರೋಲ್ 600. ಹಾಸನದಲ್ಲಿ ರೂಮು ತಿಂಗಳಿಗೆ 2,500ರಂತೆ ಏಳು ತಿಂಗಳು. ಟ್ಯೂಷನ್ 4,000. ಕೆಲಸ ಹೋಯಿತು, ಅದರ ಲೆಕ್ಕ ಬೇರೆ.

ಅರಸೀಕೆರೆ ಟೀಚರ್:
ಸಣ್ಣ ಪೇಪರ್ ಅಂತ ಯಾವುದೂ ಇಲ್ಲ. ನಮ್ಮ ಕಾಲದಲ್ಲಿ ಈ ಕ್ರೆಡಿಟ್ ಮಾತೇ ಇರಲಿಲ್ಲ, ಆದರೂ ಪರಿಸರ ಅಧ್ಯಯನ ಮತ್ತು ಭಾರತದ ಸಂವಿಧಾನ ಪಾಸಾಗಲೇಬೇಕಿತ್ತು. ಪರಿಸರ ಕಲಿಸಬೇಕು ಅಂತ 1991ರಲ್ಲಿ ಎಂ.ಸಿ. ಮೆಹ್ತಾ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು, ಅದರ ಮೇಲೆ ಎಲ್ಲಾ ಡಿಗ್ರಿಗೂ ಬಂದ ಪೇಪರ್ ಅದು.

2006ರಲ್ಲಿ ಈ ಕಡೆಯೆಲ್ಲ ಚಿಕುನ್‌ಗುನ್ಯಾ ಬಂದಿತ್ತು, ಗೊತ್ತಿರುವವರಿಗೆ ಗೊತ್ತು. ಮನೆಯಲ್ಲಿ ಐದು ಜನ, ಐದೂ ಜನ ಮಲಗಿದ್ದೆವು. ಉಳಿದ ಪರೀಕ್ಷೆಗಳನ್ನು ಅಪ್ಪನ ಸೈಕಲ್ ಹಿಂದೆ ಕೂತು ಹೋಗಿ ಬರೆದೆ. ಪೆನ್ನು ಹಿಡಿದರೆ ಬೆರಳ ಗಿಣ್ಣು ಸೀಳಿದ ಹಾಗೆ ನೋವು. ಪರಿಸರದ ದಿನ ಮಾತ್ರ ಎದ್ದೇಳಲು ಆಗಲಿಲ್ಲ. ಅಮ್ಮ ಅಂದರು, ಅದೊಂದು ಪೇಪರ್ ತಾನೆ, ಬಿಡು. ಆ ಒಂದು ಪೇಪರಿನಿಂದ ಡಿಗ್ರಿ ಒಂದು ವರ್ಷ ತಡವಾಯಿತು, ಬಿ.ಎಡ್ ಸೀಟು ಕೈಬಿಟ್ಟು ಹೋಯಿತು. ನನ್ನ ಜತೆ ಓದಿದವಳು ನನಗಿಂತ ಮೊದಲೇ ಕೆಲಸಕ್ಕೆ ಸೇರಿದಳು, ಇವತ್ತಿಗೂ ಸೀನಿಯಾರಿಟಿಯಲ್ಲಿ ಅವಳು ಮುಂದೆ. ಇಪ್ಪತ್ತು ವರ್ಷವಾದರೂ ಪಟ್ಟಿ ಬಂದಾಗಲೆಲ್ಲ ಅದೇ ನೆನಪಾಗುತ್ತದೆ.

ಸಕಲೇಶಪುರ ರೋಬಸ್ಟಾ:
ನಾಲ್ಕನೇ ವರ್ಷದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಮಾಡಿದ್ದೇನೆ. 2021ರ ಬ್ಯಾಚ್, ಎನ್‌ಇಪಿ ಶುರುವಾದ ವರ್ಷವೇ ಸೇರಿದ್ದು. ಮೂರು ವರ್ಷ ಮುಗಿಯುವ ಹೊತ್ತಿಗೆ, 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ರೂಪಿಸೋಕೆ ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಮೇಲೆ ಸರ್ಕಾರ ನಾಲ್ಕು ವರ್ಷದ ಡಿಗ್ರಿಯನ್ನೇ ತೆಗೆದು ಮತ್ತೆ ಮೂರು ವರ್ಷ ಮಾಡಿತು. ಮೊದಲೇ ಸೇರಿದ್ದ ನಮಗೆ ಬೇಕಿದ್ದರೆ ಆನರ್ಸ್ ಮಾಡಿ ಅಂದರು. ಮಾಡಿದೆ. ಕ್ಲಾಸಿನಲ್ಲಿ ನಾವು ಆರು ಜನ. ನವೆಂಬರ್ ಬಂತು, ಕಾಫಿ ಕೊಯ್ಲು ಶುರು, ನಾಲ್ಕು ಜನ. ಬೆಳಗ್ಗೆ ಬಸ್ಸಿಗೆ ಬರೋಣ ಅಂದರೆ ರಸ್ತೆಯಲ್ಲಿ ಆನೆ, ಅದನ್ನು ಹೇಳಿದರೆ ಹಾಜರಾತಿ ಕೊಡುವವರು ಯಾರು? 75 ಪರ್ಸೆಂಟ್ ಮುಟ್ಟಿಸೋಕೆ ಡಿಸೆಂಬರ್ ಪೂರ್ತಿ ಹಾಸನದಲ್ಲಿ ಪಿಜಿಯಲ್ಲಿ ಇದ್ದೆ, ಊಟ ಸೇರಿ 5,500. ತೋಟದಲ್ಲಿ ನನ್ನ ಬದಲು ಆಳು ಹಾಕಿದ್ದಕ್ಕೆ ಅಪ್ಪ ಕೊಟ್ಟ ಕೂಲಿ ಅದಕ್ಕಿಂತ ಜಾಸ್ತಿ.

ಎಂಎ ಒಂದೇ ವರ್ಷದಲ್ಲಿ ಮುಗಿಯುತ್ತದೆ ಅಂತ ಆಸೆ ಇತ್ತು. ನಾನು ಅರ್ಜಿ ಹಾಕಿದ ಕಡೆ ಎರಡು ವರ್ಷದ ಕೋರ್ಸಿಗೇ ಸೇರಿಸಿಕೊಂಡರು. ಒಂದು ವರ್ಷ ಸುಮ್ನೆ ಹೋಯಿತು. ಮಾಡಬೇಡಿ.

ಬೇಲೂರು ಎಕನಾಮಿಕ್ಸ್:
ಅಣ್ಣಾ, ನಿಮಗೆ ಆಗಲಿಲ್ಲ ಅಂತ ಎಲ್ಲರಿಗೂ ಮಾಡಬೇಡಿ ಅನ್ನುವುದು ಸರಿಯಲ್ಲ. ನಾನೂ 2021ರ ಬ್ಯಾಚೇ. ಆನರ್ಸ್‌ನಲ್ಲಿ 78 ಪರ್ಸೆಂಟ್ ಬಂತು. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಪರ್ಸೆಂಟ್ ಇದ್ದರೆ ಎಂಎ ಇಲ್ಲದೆ ಯುಜಿಸಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದು, ಪಿಎಚ್‌ಡಿಗೂ ಅರ್ಜಿ ಹಾಕಬಹುದು. ನಾನು ಬರೆದೆ. ಮೊದಲ ಸಲ ಆಗಲಿಲ್ಲ, ಎರಡನೇ ಸಲ ಆಯಿತು. ನನ್ನ ರಿಸರ್ಚ್ ಪ್ರಾಜೆಕ್ಟ್ ಬೇಲೂರಿನ ಹೋಮ್‌ಸ್ಟೇಗಳ ಮೇಲೆ. 41 ಮನೆಗೆ ನಡೆದುಕೊಂಡೇ ಹೋಗಿ ಪ್ರಶ್ನಾವಳಿ ತುಂಬಿಸಿದ್ದೇನೆ. ಆ ವರ್ಷ ವ್ಯರ್ಥ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಸಕಲೇಶಪುರ ರೋಬಸ್ಟಾ:
78 ಬಂದವರಿಗೆ ಎಲ್ಲವೂ ಚೆಂದವೇ. ನನಗೆ 69. ಆರು ಜನರಲ್ಲಿ 75 ದಾಟಿದವರು ಒಬ್ಬರು. ಉಳಿದ ಐದು ಜನರ ಕಥೆ ಯಾರು ಹೇಳಬೇಕು? ನಾನೇ ಹೇಳಬೇಕು, ಹೇಳಿದ್ದೇನೆ.

ಕೊಪ್ಪದ ಬಿಎಸ್ಸಿ:
ಪರ್ಸೆಂಟೇಜ್ ಮಾತು ಬಂತಲ್ವಾ, ಹಾಗಿದ್ದರೆ ಭಾಷೆ ಪೇಪರ್ ಸರಿಯಾಗಿ ಆರಿಸಿ. ನಾನು ಸಂಸ್ಕೃತ ತಗೊಂಡೆ, ನಾಲ್ಕು ಸೆಮ್‌ನಲ್ಲೂ 90ರ ಮೇಲೆ. ಕನ್ನಡ ತಗೊಂಡ ಗೆಳೆಯರಿಗೆ 65, 70. ಒಟ್ಟು ಮಾರ್ಕ್ಸಿನಲ್ಲಿ ಎಷ್ಟು ವ್ಯತ್ಯಾಸ ನೋಡಿ.

ಹೊಳೆನರಸೀಪುರದವನು:
ಕನ್ನಡ ನಾಡಿನಲ್ಲಿ ಹುಟ್ಟಿ ಮಾರ್ಕ್ಸಿಗೋಸ್ಕರ ಕನ್ನಡ ಬಿಟ್ಟೆ ಅಂತ ಎದೆ ತಟ್ಟಿ ಹೇಳುವುದು ನೋಡಿ ಬೇಸರವಾಯಿತು. ನಾನು ಕನ್ನಡ ತಗೊಂಡೆ, 62 ಬಂತು. ಹಳಗನ್ನಡ ಪದ್ಯ ಕಷ್ಟವಿತ್ತು, ನಿಜ. ಆದರೆ ಆ ಮೇಷ್ಟ್ರು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮರದ ಕೆಳಗೆ ಕೂರಿಸಿಕೊಂಡು ಒಂದೊಂದು ಪದವನ್ನೂ ಬಿಡಿಸಿ ಹೇಳುತ್ತಿದ್ದರು. "ನಿಮ್ಮಜ್ಜಿ ಗೌರಿ ಹಬ್ಬಕ್ಕೆ ಅನ್ನುವ ಮಾತೇ ಇದು ಕಣಯ್ಯ" ಅಂತ ನಮ್ಮ ಅಜ್ಜಿ ಆಡುವ ಪದಗಳನ್ನು ಅಲ್ಲಿ ತೋರಿಸುತ್ತಿದ್ದರು. ಡಿಗ್ರಿಯಲ್ಲಿ ನನಗೆ ಇವತ್ತಿಗೂ ನೆನಪಿರುವುದು ಅದೊಂದೇ. 2021ರಲ್ಲಿ ಸರ್ಕಾರ ಕನ್ನಡ ಕಡ್ಡಾಯ ಮಾಡಿದಾಗ ಸಿಹಿ ಹಂಚಿದ್ದೇವೆ ನಾವು.

ಕೊಪ್ಪದ ಬಿಎಸ್ಸಿ:
ಆ ಕಡ್ಡಾಯಕ್ಕೆ 2022ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು, ಅದನ್ನೂ ಹೇಳಿ. ನಮ್ಮ ಮನೆಯಲ್ಲಿ ಅಪ್ಪನಿಗೆ ಇರುವುದು ಎರಡು ಎಕರೆ ಅಡಿಕೆ, ಅದಕ್ಕೂ ಎಲೆಚುಕ್ಕಿ ರೋಗ. ಎಂಎಸ್ಸಿ ಮೆರಿಟ್ ಸೀಟು ಸಿಗದಿದ್ದರೆ ನಾನು ಓದು ಬಿಡಬೇಕಿತ್ತು. ಸೀಟು ಸಿಕ್ಕಿದ್ದು ಒಂದೂವರೆ ಪರ್ಸೆಂಟ್ ಅಂತರದಲ್ಲಿ. ಕನ್ನಡದ ಮೇಲೆ ನನಗೆ ಪ್ರೀತಿ ಇಲ್ಲ ಅಂತ ನೀವು ಹೇಗೆ ಹೇಳುತ್ತೀರಿ? ಇಲ್ಲಿ ಬರೆಯುತ್ತಿರುವುದು ಯಾವ ಭಾಷೆಯಲ್ಲಿ?

ಅರಸೀಕೆರೆ ಟೀಚರ್:
ಇಬ್ಬರೂ ಸ್ವಲ್ಪ ತಡೀರಿ. ಆ ಹುಡುಗಿ ಕೇಳಿದ್ದು ಭಾಷೆ ವಿಷಯ ಅಲ್ಲ.

ಕಡೂರು ಗೆಸ್ಟ್ ಲೆಕ್ಚರರ್:
ಮೂಡಿಗೆರೆಯವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಓಪನ್ ಎಲೆಕ್ಟಿವ್ ನಿಮ್ಮ ಮೇಜರ್ ಅಲ್ಲದ ವಿಭಾಗದಿಂದಲೇ ಇರಬೇಕು, ಅದರ ಉದ್ದೇಶವೇ ಅದು. ಇತಿಹಾಸ ಓದುವವರು ಒಂದಿಷ್ಟು ವಾಣಿಜ್ಯವೋ ಸಸ್ಯಶಾಸ್ತ್ರವೋ ತಿಳಿಯಲಿ ಅಂತ. ಹಾಗಾಗಿ ಆಫೀಸಿನವರು ಹೇಳಿದ್ದು ತಪ್ಪಲ್ಲ. ತಪ್ಪು ಆದದ್ದು ಅವತ್ತು ಎಲ್ಲರಿಗೂ ಒಂದೇ ಬರೆಸಿದಾಗ. ಬೇರೆ ವಿಭಾಗಕ್ಕೆ ಕಳಿಸಿದರೆ ಟೈಮ್‌ಟೇಬಲ್ ಹೊಂದೋದಿಲ್ಲ, ನಮ್ಮಂಥ ಗೆಸ್ಟ್‌ಗಳಿಗೆ ವಾರದ ಗಂಟೆಗಳು ಕಡಿಮೆಯಾಗುತ್ತವೆ. ಇದೇ ಕಾರಣಕ್ಕೆ ಹೀಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನಾನೂ ಆಗ ಸುಮ್ಮನಿದ್ದೆ, ಅದಕ್ಕೆ ಇವತ್ತಿಗೂ ನನಗೆ ನೋವಿದೆ.

ಈಗ ಮಾಡಬೇಕಾದದ್ದು. 2023ರ ನಿಮ್ಮ ಬ್ಯಾಚಿನ ಸ್ಕೀಮ್ ತೆಗೆಯಿರಿ, ಜೂನಿಯರ್‌ಗಳದ್ದು ಬೇಡ, ಅವರದ್ದು ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ). ಯುಯುಸಿಎಂಎಸ್‌ನಿಂದ (ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ) ನಾಲ್ಕೂ ಸೆಮ್‌ನ ರಿಸಲ್ಟ್ ಪ್ರಿಂಟ್ ತಗೊಂಡು ಪಕ್ಕದಲ್ಲಿಟ್ಟು ಒಂದೊಂದೇ ಸಾಲಿಗೆ ಟಿಕ್ ಹಾಕಿ. ಎರಡು ಭಾಷೆ, ಪರಿಸರ, ಸಂವಿಧಾನ, ಡಿಜಿಟಲ್ ಫ್ಲೂಯೆನ್ಸಿ, ಯೋಗ, ಕ್ರೀಡೆ, ಎನ್‌ಎಸ್‌ಎಸ್, ಎಲ್ಲವೂ. ಒಂದು ಕ್ರೆಡಿಟ್ಟಿನ ಯೋಗವೂ ಖಾಲಿ ಕಂಡರೆ ಬಿಡಬೇಡಿ. ನನ್ನ ವಿದ್ಯಾರ್ಥಿನಿ ಒಬ್ಬಳಿಗೆ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಏಳು ದಿನ ಮಣ್ಣು ಹೊತ್ತರೂ ಮಾರ್ಕ್ಸ್ ಎಂಟ್ರಿ ಆಗಿರಲಿಲ್ಲ. ಆಮೇಲೆ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿ ಮಾತಿಗೆ ಬೆಲೆ ಇಲ್ಲ. ಎರಡನೇ ಸೆಮ್‌ನ ಪೇಪರ್ ಆದ್ದರಿಂದ ಆರನೇ ಸೆಮ್ ಪರೀಕ್ಷೆ ಜತೆ ಬರೆಯುವುದಕ್ಕೆ ಕೇಳಿ.

ಆಲೂರು ಮೆಕ್ಯಾನಿಕಲ್:
ಸಾರ್, ಇದನ್ನು ಮೊದಲ ವರ್ಷವೇ ಬೋರ್ಡಿನ ಮೇಲೆ ಬರೆದು ಹಾಕೋಕೆ ಏನು ಕಷ್ಟ? ನೀವೇ ಒಪ್ಪಿಕೊಂಡಿದ್ದೀರಿ, ಗೊತ್ತಿದ್ದೂ ಸುಮ್ಮನಿದ್ದೆ ಅಂತ. ನಿಮ್ಮಂಥವರು ಸುಮ್ಮನಿದ್ದದ್ದಕ್ಕೆ ನನ್ನ ಏಳು ತಿಂಗಳು ಹೋಯಿತು.

ಕಡೂರು ಗೆಸ್ಟ್ ಲೆಕ್ಚರರ್:
ನೀವು ಓದಿದ ಕಾಲೇಜಿನಲ್ಲಿ ನಾನು ಇರಲಿಲ್ಲ. ಆದರೂ ಮಾತು ಒಪ್ಪುತ್ತೇನೆ. ಪ್ರತಿ ವರ್ಷ ಜೂನ್‌ನಲ್ಲಿ ನಮ್ಮ ಕೆಲಸವೇ ಇರುತ್ತದೋ ಇಲ್ಲವೋ ಗೊತ್ತಿರೋದಿಲ್ಲ, ಬೋರ್ಡಿನ ಮೇಲೆ ಬರೆಯುವ ಧೈರ್ಯ ಎಲ್ಲಿಂದ ಬರಬೇಕು ಹೇಳಿ. ಈ ವರ್ಷದಿಂದ ಮೊದಲ ಸೆಮ್ ಮಕ್ಕಳಿಗೆ ಒಂದು ಪೂರ್ತಿ ಗಂಟೆ ಇದನ್ನೇ ಹೇಳುತ್ತಿದ್ದೇನೆ.

ಸಕಲೇಶಪುರ ರೋಬಸ್ಟಾ:
ಒಂದು ಗಂಟೆ ಸಾಕಾಗೋದಿಲ್ಲ ಸಾರ್. ಎಸ್‌ಇಪಿ ಬಂದು ನಿಯಮ ಬದಲಾಯಿತು, ಹಳೆ ಬ್ಯಾಚಿನ ಪೇಪರ್ ಉಳಿಸಿಕೊಂಡವರಿಗೆ ಈಗ ಕ್ಲಾಸೇ ಇಲ್ಲ. ಸಿಲಬಸ್ ಹುಡುಕಿ ಮನೆಯಲ್ಲೇ ಓದಬೇಕು. ಇದನ್ನು ಯಾರೂ ಹೇಳುತ್ತಿಲ್ಲ.

ಬೇಲೂರು ಎಕನಾಮಿಕ್ಸ್:
ಈ ಮಾತು ಮಾತ್ರ ನೀವು ಸರಿಯಾಗಿ ಹೇಳಿದಿರಿ ಅಣ್ಣಾ.

ಮೂಡಿಗೆರೆ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೋಗಿದ್ದೆ. ಸ್ಕೀಮ್ ಪ್ರಿಂಟ್ 14 ಪುಟ, ಟಿಕ್ ಹಾಕಿದೆ. ಓಪನ್ ಎಲೆಕ್ಟಿವ್ ಬಿಟ್ಟು ಕ್ರೀಡೆಯ ಒಂದು ಕ್ರೆಡಿಟ್ಟೂ ಖಾಲಿ ಇತ್ತು! ಪಿಟಿ ಸರ್ ಹಳೆ ರಿಜಿಸ್ಟರ್ ತೆಗೆದರು, ನನ್ನ ಹೆಸರಿನ ಮುಂದೆ ಮಾರ್ಕ್ಸ್ ಪೆನ್ಸಿಲ್‌ನಲ್ಲಿ ಬರೆದಿತ್ತು, ಕಂಪ್ಯೂಟರಿಗೆ ಹೋಗಿರಲಿಲ್ಲ. ಅದಕ್ಕೆ ಪತ್ರ ಕಳಿಸುತ್ತಾರಂತೆ. ಓಪನ್ ಎಲೆಕ್ಟಿವ್‌ಗೆ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡೆ. ಪ್ರವಾಸೋದ್ಯಮದ ಪೇಪರ್ ಬರೆಯಲು ಹೇಳಿದ್ದಾರೆ. ಆನರ್ಸ್ ಬಗ್ಗೆ ಇನ್ನೂ ಯೋಚಿಸಿಲ್ಲ, ಮೊದಲು ಇದು ಮುಗಿಯಲಿ. ಆದರೆ ಕ್ಲಾಸ್ ಇಲ್ಲ, ನೋಟ್ಸ್ ಇಲ್ಲ. 2023ರ ಸಿಲಬಸ್ಸಿನ ಪ್ರವಾಸೋದ್ಯಮ ನೋಟ್ಸ್ ಯಾರ ಹತ್ರ ಆದರೂ ಇದೆಯಾ? ಜೆರಾಕ್ಸ್ ದುಡ್ಡು ಕೊಡುತ್ತೇನೆ.

ಹೊಳೆನರಸೀಪುರದವನು:
ಕನ್ನಡದಲ್ಲಿ ಬರೆಯುತ್ತೀಯಾ ಇಂಗ್ಲಿಷಿನಲ್ಲಾ?

ಮೂಡಿಗೆರೆ ಹುಡುಗಿ:
ಕನ್ನಡದಲ್ಲಿ ಅಣ್ಣಾ.

ಕೊಪ್ಪದ ಬಿಎಸ್ಸಿ:
ನನ್ನ ಅಕ್ಕ ಅದೇ ಪೇಪರ್ ಓದಿದ್ದು, ಕನ್ನಡದಲ್ಲೇ. ಕೈಬರಹದ ನೋಟ್ಸ್ 60 ಪುಟ ಇರಬಹುದು, ಎರಡನೇ ಘಟಕ ಮಾತ್ರ ಇಲ್ಲ. ಭಾನುವಾರ ಕೊಟ್ಟಿಗೆಹಾರ ಕಡೆ ಬರುವುದಿದೆ, ಮೂಡಿಗೆರೆ ಹ್ಯಾಂಡ್‌ಪೋಸ್ಟಿನಲ್ಲಿ ಕೊಡುತ್ತೇನೆ. ದುಡ್ಡು ಬೇಡ.

ಹೊಳೆನರಸೀಪುರದವನು:
ಎರಡನೇ ಘಟಕ ನನ್ನ ಹತ್ರ ಇದೆ. ಫೋಟೋ ತೆಗೆದು ಇವತ್ತು ರಾತ್ರಿ ಕಳಿಸುತ್ತೇನೆ ತಂಗಿ.