ಬಳಕೆಯಾದ ಪರಮಾಣು ಇಂಧನದ ಸ್ಟೀಲ್ ಕ್ಯಾನಿಸ್ಟರ್‌ಗಳಲ್ಲಿ ಬಿರುಕನ್ನು ಹುಡುಕುವುದು ಹೇಗೆ?

ಪ್ರಶ್ನೆ | ಕೋಡಿಬಾಗ, ಕಾರವಾರ

ನಾನು ಇಲ್ಲಿ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ನಡೆಸುತ್ತೇನೆ. ಕಳೆದ ತಿಂಗಳು, ಉಪ್ಪಿನಂಶವಿರುವ ಬೋರ್‌ವೆಲ್ ನೀರು ಬಳಸುವ ಮನೆಯೊಂದರಿಂದ ಸೋರುವ ಸ್ಟೇನ್‌ಲೆಸ್ ಸ್ಟೀಲ್ ಸೋಲಾರ್ ಹೀಟರ್ ಟ್ಯಾಂಕ್ ರಿಪೇರಿಗೆ ಬಂತು. ಕೊಯ್ದು ನೋಡಿದರೆ ವೆಲ್ಡಿಂಗಿನಿಂದ ಅರ್ಧ ಬೆರಳು ಆಚೆ ಚಹಾ ಚೆಲ್ಲಿದಂಥ ಕಂದು ಕಲೆಯ ಹೊರತು ಏನೂ ಕಾಣಲಿಲ್ಲ. ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ (ಡೈ ಪೆನೆಟ್ರೆಂಟ್) ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದ ಹತ್ತು ನಿಮಿಷದಲ್ಲಿ ಗರಿಕೆಯ ಬೇರಿನಂತೆ ಕವಲೊಡೆದ ಕೆಂಪು ಗೆರೆಗಳು ಮೂಡಿದವು. ಅಮೆರಿಕದಲ್ಲಿ ಬಳಕೆಯಾದ ಪರಮಾಣು ಇಂಧನವನ್ನು ಇದೇ ಜಾತಿಯ ಸ್ಟೀಲಿನ ಕ್ಯಾನಿಸ್ಟರ್‌ಗಳಲ್ಲಿ, ಸ್ಯಾನ್ ಒನೊಫ್ರೆಯಂಥ ಕಡೆ ಸಮುದ್ರದ ದಂಡೆಯಲ್ಲೇ, ಇಟ್ಟಿದ್ದಾರೆ. ಮನುಷ್ಯ ಹತ್ತಿರ ಹೋಗಿ ಬಣ್ಣ ಹಚ್ಚಲಾಗದ ಆ ಜಾಗದಲ್ಲಿ ಬಿರುಕನ್ನು ಹೇಗೆ ಕಂಡುಹಿಡಿಯುತ್ತಾರೆ? ನಮ್ಮ ಕೈಗಾಕ್ಕೂ ಈ ಚಿಂತೆ ಇದೆಯೇ?

ಉತ್ತರ 1 | ಅಂಕೋಲಾ

ಹಲವು ವರ್ಷ ಎನ್‌ಡಿಟಿ (ವಸ್ತುವನ್ನು ಹಾಳುಮಾಡದೆ ಪರೀಕ್ಷಿಸುವ) ಕೆಲಸ ಮಾಡಿದವನಾಗಿ ಹೇಳುತ್ತೇನೆ: ನೀವು ಕಂಡದ್ದೇ ಸ್ಟ್ರೆಸ್ ಕರೋಶನ್ ಬಿರುಕಿನ ಸ್ವಭಾವ. ವೆಲ್ಡ್ ತಣಿಯುವಾಗ ಲೋಹದೊಳಗೆ ಉಳಿದ ಸೆಳೆತ, ಅದನ್ನು ತಾಳದ ಸ್ಟೀಲ್ ಮತ್ತು ಉಪ್ಪಿನಲ್ಲಿರುವ ಕ್ಲೋರೈಡ್, ಈ ಮೂರೂ ಕೂಡಿದ ಕಡೆ ಅದು ಹುಟ್ಟುತ್ತದೆ. ಕ್ಯಾನಿಸ್ಟರಿನ ಗೋಡೆ ಸಾಮಾನ್ಯವಾಗಿ 12.7 ರಿಂದ 15.9 ಮಿ.ಮೀ. ದಪ್ಪ, ಒಳಗೆ ಹೀಲಿಯಂ, ಹೊರಗೆ ಕಾಂಕ್ರೀಟಿನ ಕವಚ, ಎರಡರ ನಡುವೆ ತಾನಾಗಿ ಹರಿಯುವ ಗಾಳಿ. ಆ ಗಾಳಿಯ ಕಿಂಡಿಯಿಂದಲೇ ಪುಟ್ಟ ರೋಬಾಟ್ ಒಳಗೆ ಹೋಗುತ್ತದೆ. ಕ್ಯಾಮೆರಾ ತುಕ್ಕಿನ ಕಲೆಯನ್ನು ತೋರಿಸುತ್ತದೆ, ಆದರೆ ಕಲೆಯ ಅಡಿಯಲ್ಲಿ ಬಿಗಿಯಾಗಿ ಮುಚ್ಚಿಕೊಂಡ ಬಿರುಕನ್ನು ತೋರಿಸುತ್ತದೆಂದು ನಂಬಬಾರದು. ಈ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಕಬ್ಬಿಣದ ಪುಡಿಯ ಪರೀಕ್ಷೆಯೂ ನಡೆಯುವುದಿಲ್ಲ. ಎಡ್ಡಿ ಕರೆಂಟ್ ನಡೆಯುತ್ತದೆ: ಸುರುಳಿಯೊಂದು ಲೋಹದ ಮೇಲ್ಪದರದಲ್ಲಿ ಸುಳಿಯ ವಿದ್ಯುತ್ತನ್ನು ಎಬ್ಬಿಸುತ್ತದೆ, ಬಿರುಕು ಅದರ ದಾರಿಗೆ ಅಡ್ಡಬಂದಾಗ ಸುರುಳಿಯ ಸಂಕೇತ ಬದಲಾಗುತ್ತದೆ. ಆಳವನ್ನು ಅಳೆಯಲು ಅಲ್ಟ್ರಾಸೋನಿಕ್, ಅಂದರೆ ಕಿವಿಗೆ ಕೇಳದ ಧ್ವನಿಯ ಪರೀಕ್ಷೆ, ಬೇಕು. ಆದರೆ ವೆಲ್ಡ್ ಲೋಹದ ದಪ್ಪ ಹರಳುಗಳು ಧ್ವನಿಯನ್ನು ಚದುರಿಸುವುದರಿಂದ ಆ ಸಂಕೇತವನ್ನು ಓದುವುದು ನುರಿತವರಿಗೂ ಕಷ್ಟ.

ಉತ್ತರ 2 | ಕುಮಟಾ

ನಾನು ರಸಾಯನಶಾಸ್ತ್ರ ಕಲಿಸುವವಳು. ಎಲ್ಲಿ ಹುಡುಕಬೇಕು ಎಂಬುದರಷ್ಟೇ ಯಾವಾಗ ಹುಡುಕಬೇಕು ಎಂಬುದೂ ಮುಖ್ಯ. ಮಳೆಗಾಲದಲ್ಲಿ ಸಾಣಿಕಟ್ಟಾದ ಹರಳುಪ್ಪು ಭರಣಿಯಲ್ಲೇ ನೀರೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಶುದ್ಧ ಸೋಡಿಯಂ ಕ್ಲೋರೈಡ್ ನೀರೊಡೆಯಲು ಸುಮಾರು ಶೇ. 75 ಆರ್ದ್ರತೆ ಬೇಕು. ಕಡಲುಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಹೊಸ ಕ್ಯಾನಿಸ್ಟರ್ ಬಿಸಿಯಾಗಿರುವುದರಿಂದ ಅದರ ಮೇಲೆ ಕೂತ ಉಪ್ಪು ಒಣಗಿಯೇ ಇರುತ್ತದೆ. ವರ್ಷಗಳು ಕಳೆದು ಇಂಧನದ ಶಾಖ ಇಳಿದಂತೆ ಮೇಲ್ಮೈಯ ಗಾಳಿಯ ಆರ್ದ್ರತೆ ಏರಿ, ಉಪ್ಪು ದ್ರಾವಣವಾಗಿ, ತುಕ್ಕು ಶುರುವಾಗಲು ದಾರಿಯಾಗುತ್ತದೆ. ಆದ್ದರಿಂದ ಮೊದಲು ತಣಿಯುವ ಭಾಗಗಳ ವೆಲ್ಡಿಂಗನ್ನೇ ಮೊದಲು ನೋಡಬೇಕು. 2014ರಲ್ಲಿ ಕ್ಯಾಲಿಫೋರ್ನಿಯಾದ ಡಯಾಬ್ಲೊ ಕ್ಯಾನಿಯನ್‌ನಲ್ಲಿ ಕ್ಯಾನಿಸ್ಟರಿನ ಮೇಲಿನ ಧೂಳನ್ನು ತೆಗೆದು ಪರೀಕ್ಷಿಸಿದಾಗ ಕಡಲುಪ್ಪಿನ ಕಣಗಳು ಸಿಕ್ಕಿದ್ದವು. ದಕ್ಷಿಣ ಆಫ್ರಿಕದ ಕೂಬರ್ಗ್ ಸ್ಥಾವರದಲ್ಲಿ, ಇಂಧನದ್ದಲ್ಲದ, ನೀರು ತುಂಬುವ 304ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕು ಕಡಲಗಾಳಿಗೆ ಸುಮಾರು 17 ವರ್ಷದಲ್ಲಿ ಬಿರುಕುಬಿಟ್ಟು ಸೋರಿತು. ಅಲ್ಲಿ ಬಿರುಕು ಎಷ್ಟು ಹರಡಿದೆ ಎಂದು ತಿಳಿಯಲು ನೀವು ಹಚ್ಚಿದ ಡೈಯೇ ಬೇಕಾಯಿತು.

ಕೈಗಾದ ಇಂಧನ ರಿಯಾಕ್ಟರಿನಿಂದ ಹೊರಬಂದ ಮೇಲೆ ನೀರಿನ ಕೊಳದಲ್ಲಿ ತಣಿಯುತ್ತದೆ. ಬಳಕೆಯಾದ ಇಂಧನವನ್ನು ಮರುಸಂಸ್ಕರಿಸುವುದು ನಮ್ಮ ದೇಶದ ನೀತಿ. ಸ್ಥಾವರ ಕಾಳಿ ಕಣಿವೆಯ ಒಳಗಿದೆ, ಕಡಲುಪ್ಪು ದಂಡೆಯಿಂದ ಒಳಗೆ ಹೋದಂತೆ ಬೇಗ ಕಡಿಮೆಯಾಗುತ್ತದೆ. ಸ್ಯಾನ್ ಒನೊಫ್ರೆಯ ಪ್ರಶ್ನೆಯನ್ನು ಹಾಗೆಯೇ ಇಲ್ಲಿಗೆ ತರುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕ್ಯಾನಿಸ್ಟರನ್ನು ಕವಚಕ್ಕೆ ಇಳಿಸುವಾಗ ಗೀರು ಬಿದ್ದಿದ್ದರೆ ಎಡ್ಡಿ ಕರೆಂಟ್ ಅದನ್ನೂ ಬಿರುಕೆಂದು ತೋರಿಸುವುದಿಲ್ಲವೇ?

ಉತ್ತರ 1 | ಅಂಕೋಲಾ

ತೋರಿಸಬಹುದು. ಅದಕ್ಕಾಗಿಯೇ ಅದೇ ಸ್ಟೀಲಿನ, ಅದೇ ಬಗೆಯ ವೆಲ್ಡಿಂಗಿನ ಮಾದರಿ ತುಂಡಿನಲ್ಲಿ ಗೊತ್ತಿರುವ ಆಳದ ಕಚ್ಚುಗಳನ್ನು ಕೊರೆದು, ಸುರುಳಿಯಿರುವ ಪ್ರೋಬನ್ನು ಮೊದಲು ಅದರ ಮೇಲೆ ಓಡಿಸಿ ಸಂಕೇತಗಳನ್ನು ಗುರುತಿಟ್ಟುಕೊಳ್ಳುತ್ತಾರೆ. ಗೀರು ಅಗಲವಾಗಿ, ಆಳವಿಲ್ಲದೆ ಇರುವುದರಿಂದ ಅದರ ಸಂಕೇತದ ಆಕಾರ ಬೇರೆ. ಆದರೂ ಸಂಶಯ ಉಳಿದರೆ ಕೆಲವು ವರ್ಷ ಬಿಟ್ಟು ಅದೇ ಜಾಗವನ್ನು ಮತ್ತೆ ಅಳೆಯಬೇಕು, ಏಕೆಂದರೆ ಗೀರು ಬೆಳೆಯುವುದಿಲ್ಲ. ನಿಮ್ಮ ಟ್ಯಾಂಕಿನ ಆ ತುಂಡನ್ನು ಗುಜರಿಗೆ ಹಾಕಬೇಡಿ. ನಿಜವಾದ ಕವಲುಬಿರುಕು ಇರುವ ಮಾದರಿ ಕಲಿಯುವವರ ಕೈಗೆ ಸಿಗುವುದು ಅಪರೂಪ.